ಪೀಟ್ ಎಸ್ಟೆಸ್ ಹಾಕಿದ ಸಹಿ, ಮತ್ತೆ ಅಮೆರಿಕದ ಮಸಲ್ ಕಾರು

(ಕಾರು-ಬೈಕು ಹುಚ್ಚಿರೋ ಗೆಳೆಯರ ಮುಂದೆ ಮಾತಾಡಿದ್ದನ್ನ ಆಮೇಲೆ ಕೂತ್ಕೊಂಡು ಟೈಪ್ ಮಾಡಿದ್ದು. ಮಾತಿನ ಧಾಟಿ ಹಾಗೇ ಬಿಟ್ಟಿದ್ದೀನಿ. ಫೋಟೋಗಳನ್ನ ಇಲ್ಲಿ ಹಾಕಿಲ್ಲ. ಕೊನೇಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ.

ಮಸಲ್ ಕಾರ್ (ಸಣ್ಣ ಬಾಡಿಗೆ ದೊಡ್ಡ ಇಂಜಿನ್ ಹಾಕಿದ ಸ್ಪೀಡ್ ಕಾರು) ಅಂದ್ರೆ ಇಲ್ಲಿರೋ ಮುಕ್ಕಾಲು ಪಾಲು ಜನಕ್ಕೆ ಮಸ್ಟಾಂಗ್, ಕಮಾರೋ, ಚಾಲೆಂಜರ್ ನೆನಪಾಗುತ್ತೆ, ಸ್ವಲ್ಪ ಓದ್ಕೊಂಡಿರೋರು ಪಾಂಟಿಯಾಕ್ ಜಿಟಿಒ ಅಂತಾರೆ, ಇನ್ನೂ ಸ್ವಲ್ಪ ಜಾಸ್ತಿ ಓದಿರೋರು ಅದರ ಅಪ್ಪ ಜಾನ್ ಡೆಲೋರಿಯನ್ ಅಂತಾರೆ. ಡೆಲೋರಿಯನ್ ಗೊತ್ತಲ್ವಾ, ರೆಕ್ಕೆ ಥರ ಬಾಗಿಲು ತೆಗೆಯೋ ಸ್ಟೀಲ್ ಕಾರು ಮಾಡಿದೋನು, ಉದ್ದ ಕೂದಲು, ಸಿನಿಮಾದವರ ಜೊತೆ ಓಡಾಟ, ಆಮೇಲೆ 1982ರಲ್ಲಿ ಡ್ರಗ್ಸ್ ಕೇಸಲ್ಲಿ ಅರೆಸ್ಟ್, 1984ರಲ್ಲಿ ಖುಲಾಸೆ. ಅಂಥಾ ಕಥೆ ಇರೋ ಮನುಷ್ಯನ ಪಕ್ಕದಲ್ಲಿ ಯಾರು ನಿಂತ್ರೂ ಕಾಣಲ್ಲ ಬಿಡಿ. ನಾನು ಇವತ್ತು ಮಾತಾಡೋದು ಹಾಗೆ ಕಾಣದೇ ಹೋದವನ ಬಗ್ಗೆ. ಎಲಿಯಟ್ ಎಸ್ಟೆಸ್, ಎಲ್ರೂ ಕರೀತಿದ್ದಿದ್ದು ಪೀಟ್ ಎಸ್ಟೆಸ್ ಅಂತ. 1963ರಲ್ಲಿ ಡೆಲೋರಿಯನ್ ಪಾಂಟಿಯಾಕ್‌ನ ಚೀಫ್ ಇಂಜಿನಿಯರ್ ಆಗಿದ್ದಾಗ ಅವನ ಬಾಸ್, ಅಂದ್ರೆ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಪಾಂಟಿಯಾಕ್ ಡಿವಿಷನ್ನಿನ ಜನರಲ್ ಮ್ಯಾನೇಜರ್. ಓಲ್ಡ್ಸ್‌ಮೊಬೀಲ್, ಶೆವ್ರೊಲೆ, ಬ್ಯೂಕ್ ಕೂಡ ಅದೇ ಕಂಪನಿಯ ಡಿವಿಷನ್ನುಗಳೇ.

ನನ್ನ ವಾದ ಇಷ್ಟೇ. ಸಣ್ಣ ಕಾರಿಗೆ ದೊಡ್ಡ ಇಂಜಿನ್ ಹಾಕೋ ಐಡಿಯಾ ಯಾರಿಗ್ ಬೇಕಾದ್ರೂ ಬರುತ್ತೆ, ಬಂದೂ ಇತ್ತು. ಅಮೆರಿಕದ ಹಳ್ಳಿ ಹಳ್ಳಿಯ ಹುಡುಗರು ಗ್ಯಾರೇಜಲ್ಲಿ ಅದನ್ನೇ ಮಾಡ್ತಿದ್ರು. ಕಷ್ಟ ಇದ್ದಿದ್ದು ಅದನ್ನ ಜನರಲ್ ಮೋಟರ್ಸ್ ಅನ್ನೋ ಕಂಪನಿಯ ಒಳಗೆ, ಅದು ಬೇಡ ಅಂತ ಬರೆದಿಟ್ಟ ರೂಲ್ ಇರುವಾಗ, ಫ್ಯಾಕ್ಟರಿ ಲೈನಲ್ಲೇ ಮಾಡಿ, ವಾರಂಟಿ ಕೊಟ್ಟು, ಶೋರೂಮಲ್ಲಿ ಮಾರೋದು. ಅದಕ್ಕೆ ಬೇಕಾಗಿದ್ದು ಸಹಿ ಹಾಕೋ ಧೈರ್ಯ ಇರೋ ಒಬ್ಬ ಮ್ಯಾನೇಜರ್.

ಮೊದ್ಲು ಮನುಷ್ಯನ ಹಿನ್ನೆಲೆ. ಎಸ್ಟೆಸ್ ಹುಟ್ಟಿದ್ದು 1916ರಲ್ಲಿ, ಮಿಷಿಗನ್ ರಾಜ್ಯದ ಮೆಂಡನ್ ಅನ್ನೋ ಸಣ್ಣ ಊರಲ್ಲಿ. ಓದಿದ್ದು ಜನರಲ್ ಮೋಟರ್ಸ್ ಇನ್‌ಸ್ಟಿಟ್ಯೂಟಲ್ಲಿ, ಆಮೇಲೆ ಸಿನ್ಸಿನಾಟಿ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್. ಜಿಎಂ ರಿಸರ್ಚ್ ಲ್ಯಾಬಲ್ಲಿ ಚಾರ್ಲ್ಸ್ ಕೆಟರಿಂಗ್ ಕೈಕೆಳಗೆ ಪಳಗಿದ, ಕೆಟರಿಂಗ್ ಅಂದ್ರೆ ಕಾರಿಗೆ ಸೆಲ್ಫ್ ಸ್ಟಾರ್ಟರ್ ತಂದವನು, ಅಂಥವನ ಹತ್ರ. ಯುದ್ಧ ಮುಗಿದ ಮೇಲೆ 1946ರಲ್ಲಿ ಓಲ್ಡ್ಸ್‌ಮೊಬೀಲ್ ಡಿವಿಷನ್ನಿಗೆ ಸೇರ್ಕೊಂಡ.

ಈ ಓಲ್ಡ್ಸ್‌ಮೊಬೀಲ್ ವಿಷಯದಲ್ಲಿ ಸ್ವಲ್ಪ ನಿಂತ್ಕೋಬೇಕು, ಯಾಕಂದ್ರೆ ಜಿಟಿಒ ಬಗ್ಗೆ ಮಾತಾಡೋರು ಸಾಮಾನ್ಯವಾಗಿ 1963ರಿಂದ ಶುರು ಮಾಡ್ತಾರೆ. 1949ರಲ್ಲಿ ಓಲ್ಡ್ಸ್‌ಮೊಬೀಲ್ ರಾಕೆಟ್ ಅನ್ನೋ ಹೊಸ ವಿ8, ಅಂದ್ರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರೋ ಇಂಜಿನ್ ಬಿಡ್ತು. 303 ಕ್ಯೂಬಿಕ್ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 5 ಲೀಟರ್, 135 ಹಾರ್ಸ್‌ಪವರ್. ವಾಲ್ವ್‌ಗಳು ಇಂಜಿನ್ ತಲೆ ಮೇಲೆ, ಕಂಪ್ರೆಷನ್ ಜಾಸ್ತಿ. ಆಗಿನ ಕಾಲಕ್ಕೆ ಸೂಪರ್ ಮಾಡರ್ನ್. ಆ ಇಂಜಿನ್ ಮೇಲೆ ಕೆಲಸ ಮಾಡಿದ ತಂಡದಲ್ಲಿ ಎಸ್ಟೆಸ್ ಇದ್ದ. ಅದು ತಯಾರಾಗಿದ್ದು ಅವರ ದೊಡ್ಡ ಭಾರದ 98 ಕಾರಿಗೆ. ಆದ್ರೆ ಅದನ್ನೇ ತಗೊಂಡು ಹಗುರ ಇರೋ ಸಣ್ಣ ಬಾಡಿಗೆ ಹಾಕಿ 88 ಅಂತ ಹೆಸರಿಟ್ಟು ಬಿಟ್ರು ನೋಡಿ, ಅದೇ ವರ್ಷ ಶುರುವಾದ ನಾಸ್ಕಾರ್ ಸ್ಟ್ರಿಕ್ಟ್ಲಿ ಸ್ಟಾಕ್ (ಶೋರೂಮ್ ಕಾರುಗಳನ್ನೇ ಓಡಿಸೋ) ರೇಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಗೆದ್ದುಬಿಡ್ತು, ಚಾಂಪಿಯನ್ ರೆಡ್ ಬೈರನ್ ಓಡಿಸಿದ್ದೂ ಓಲ್ಡ್ಸ್‌ಮೊಬೀಲೇ. ದೊಡ್ಡ ಕಾರಿನ ಇಂಜಿನ್, ಸಣ್ಣ ಕಾರಿನ ಬಾಡಿ. ಜಿಟಿಒ ಬರೋಕೆ 15 ವರ್ಷ ಮುಂಚೆಯೇ ಎಸ್ಟೆಸ್ ಈ ಫಾರ್ಮುಲಾ ಕೆಲಸ ಮಾಡೋದನ್ನ ಹತ್ತಿರದಿಂದ ನೋಡಿದ್ದ. ನಡುವೆ ಬೇರೆಯವರೂ ಮಾಡಿದ್ರು ಅನ್ನಿ, 1955ರಲ್ಲಿ ಕ್ರೈಸ್ಲರ್ 300, 1957ರಲ್ಲಿ ರ‍್ಯಾಂಬ್ಲರ್ ರೆಬೆಲ್. ಆದ್ರೆ ಕ್ರೈಸ್ಲರ್ ದುಡ್ಡಿರೋರ ಕಾರು, ರೆಬೆಲ್ ಮಾಡಿದ್ದು 1500 ಅಷ್ಟೇ.

1956ರಲ್ಲಿ ಸೀಮನ್ ಕ್ನುಡ್ಸನ್ ಅನ್ನೋನು ಪಾಂಟಿಯಾಕ್ ಮುಖ್ಯಸ್ಥ ಆದ. ಬಂಕಿ ಕ್ನುಡ್ಸನ್ ಅಂತಾನೇ ಫೇಮಸ್ಸು, ಅವರಪ್ಪ ವಿಲಿಯಂ ಕ್ನುಡ್ಸನ್ ಒಂದು ಕಾಲದಲ್ಲಿ ಜಿಎಂ ಅಧ್ಯಕ್ಷ ಆಗಿದ್ದೋರು. ಆಗ ಪಾಂಟಿಯಾಕ್ ಅಂದ್ರೆ ರಿಟೈರ್ ಆದ ಮೇಷ್ಟ್ರು ಕೊಳ್ಳೋ ಕಾರು ಅನ್ನೋ ಇಮೇಜು. ಬಂಕಿ ಬಂದವನೇ ಬಾನೆಟ್ ಮೇಲೆ 1935ರಿಂದ ಇದ್ದ ಬೆಳ್ಳಿ ಪಟ್ಟಿಗಳನ್ನ ಕಿತ್ತಾಕಿಸ್ದ, ಓಲ್ಡ್ಸ್‌ಮೊಬೀಲ್‌ನಿಂದ ಎಸ್ಟೆಸ್‌ನ ಎಳ್ಕೊಂಡು ಬಂದು ಚೀಫ್ ಇಂಜಿನಿಯರ್ ಮಾಡ್ದ, ಮುಳುಗ್ತಾ ಇದ್ದ ಪ್ಯಾಕಾರ್ಡ್ ಕಂಪನಿಯಿಂದ ಡೆಲೋರಿಯನ್ ಅನ್ನೋ ಹುಡುಗನ್ನ ತಂದ. ಮೂರು ಜನ ಸೇರಿ ರೇಸಿಂಗ್ ಮೂಲಕ ಪಾಂಟಿಯಾಕ್ ಇಮೇಜ್ ಬದಲಾಯಿಸಿದ್ರು. 1961 ಮತ್ತು 1962, ಎರಡೂ ವರ್ಷ ನಾಸ್ಕಾರ್‌ನ ದೊಡ್ಡ ರೇಸ್ ಡೇಟೋನಾ 500 ಗೆದ್ದಿದ್ದು ಪಾಂಟಿಯಾಕ್. 1962ರ ಹೊತ್ತಿಗೆ ಅಮೆರಿಕದಲ್ಲಿ ಶೆವ್ರೊಲೆ, ಫೋರ್ಡ್ ಬಿಟ್ರೆ ಮೂರನೇ ಸ್ಥಾನ ಪಾಂಟಿಯಾಕ್‌ದು. 1961ರ ಕೊನೇಲಿ ಬಂಕಿ ಶೆವ್ರೊಲೆಗೆ ಪ್ರಮೋಷನ್ ಆಗಿ ಹೋದ, ಅವನ ಕುರ್ಚಿಗೆ ಎಸ್ಟೆಸ್ ಬಂದ, ಎಸ್ಟೆಸ್ ಕುರ್ಚಿಗೆ ಡೆಲೋರಿಯನ್ ಬಂದ.

ಎಸ್ಟೆಸ್ ನೆಟ್ಟಗೆ ಒಂದು ವರ್ಷ ಆ ಕುರ್ಚಿ ಮೇಲೆ ಕೂತಿದ್ದ ಅಷ್ಟೇ, 1963ರ ಜನವರಿಯಲ್ಲಿ ಮೇಲಿಂದ ಆರ್ಡರ್ ಬಂತು. ಮೇಲೆ ಅಂದ್ರೆ ನಿಜವಾಗ್ಲೂ ಮೇಲೆ, ಡೆಟ್ರಾಯ್ಟ್‌ನ ಜನರಲ್ ಮೋಟರ್ಸ್ ಬಿಲ್ಡಿಂಗಿನ 14ನೇ ಮಹಡಿ, ದೊಡ್ಡ ತಲೆಗಳೆಲ್ಲಾ ಕೂರ್ತಿದ್ದ ಜಾಗ. ಚೇರ್ಮನ್ ಫ್ರೆಡರಿಕ್ ಡಾನರ್ ಇಂಜಿನಿಯರ್ ಅಲ್ಲ, ಲೆಕ್ಕಪತ್ರದ ಕಡೆಯಿಂದ ಬಂದೋನು. ಇನ್ಮೇಲೆ ಯಾವ ಡಿವಿಷನ್ನೂ ರೇಸಿಂಗಿಗೆ ಕೈ ಹಾಕಂಗಿಲ್ಲ, ನೇರವಾಗೂ ಇಲ್ಲ, ಹಿಂಬಾಗಿಲಿಂದಾನೂ ಇಲ್ಲ. ಹಿಂದೆ 1957ರಲ್ಲಿ ಕಾರು ತಯಾರಕರ ಸಂಘ ಇಂಥದ್ದೇ ಒಂದು ಠರಾವು ಮಾಡಿತ್ತು, ಆಗ ಎಲ್ರೂ ಆಯ್ತು ಸ್ವಾಮಿ ಅಂತ ತಲೆ ಆಡ್ಸಿ ಹಿಂದಿನಿಂದ ರೇಸರ್‌ಗಳಿಗೆ ಪಾರ್ಟ್ಸ್ ಕೊಡ್ತಾನೇ ಇದ್ರು, ಪಾಂಟಿಯಾಕ್ ಅಂತೂ ಸೂಪರ್ ಡ್ಯೂಟಿ ಅಂತ ಹೆಸರಿಟ್ಟೇ ಮಾರ್ತಿತ್ತು. ಈ ಸಲ ಹಂಗಲ್ಲ, ಖಡಕ್ಕಾಗಿ ಬಂತು. ಕಾರಣ ಏನು ಅಂದ್ರೆ ಆಗ ಅಮೆರಿಕದಲ್ಲಿ ಮಾರಾಟ ಆಗೋ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಿಎಂದೇ, ಏಕಸ್ವಾಮ್ಯ ಅಂತ ಹೇಳಿ ಸರ್ಕಾರ ಎಲ್ಲಿ ಕಂಪನೀನ ಒಡೆದು ಹಾಕುತ್ತೋ ಅನ್ನೋ ಭಯ. ಜೊತೆಗೆ ಸುರಕ್ಷತೆ ಬಗ್ಗೆ ಗಲಾಟೆ ಶುರುವಾಗ್ತಾ ಇತ್ತು. ಅದಕ್ಕೇ ಸುಮ್ನೆ ಸದ್ದು ಮಾಡದೆ ಇರಿ ಅಂತ.

ಎಸ್ಟೆಸ್ ಜಾಗದಲ್ಲಿ ಕೂತು ನೋಡಿ ಈಗ. ಐದಾರು ವರ್ಷ ಕಷ್ಟ ಪಟ್ಟು ಪಾಂಟಿಯಾಕ್ ಅಂದ್ರೆ ಸ್ಪೀಡು ಅಂತ ಜನರ ತಲೆಗೆ ತುಂಬಿದ್ದೀರಿ, ಈಗ ಆ ಅಂಗಡೀನೇ ಮುಚ್ಚಿ ಅಂತಿದ್ದಾರೆ. ಇನ್ನೊಂದು ಕಡೆ ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು, 1946ರಲ್ಲಿ ಹುಟ್ಟಿದ್ದೋರು 1964ಕ್ಕೆ 18 ತುಂಬ್ತಾರೆ, ಲೈಸೆನ್ಸು, ಕೆಲಸ, ಕೈಯಲ್ಲಿ ದುಡ್ಡು. ಈ ಹುಡುಗರಿಗೆ ರೇಸ್ ಟ್ರ್ಯಾಕಲ್ಲಿ ಗೆದ್ದ ಸುದ್ದಿ ಕೊಡಂಗಿಲ್ಲ ಅಂದ್ರೆ ಉಳಿಯೋದು ಒಂದೇ ದಾರಿ, ರಸ್ತೆ ಮೇಲಿನ ಕಾರಲ್ಲೇ ಆ ಸ್ಪೀಡ್ ಕೊಡೋದು.

ಅದಕ್ಕೂ ಒಂದು ರೂಲ್ ಅಡ್ಡ ಇತ್ತು. ಜಿಎಂನಲ್ಲಿ ಇಂಟರ್ಮೀಡಿಯೆಟ್ (ಮಧ್ಯಮ) ಸೈಜಿನ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಹಾಕಂಗಿಲ್ಲ. ಈ ರೂಲು ಎಷ್ಟು ಬಿಗಿ ಇತ್ತು ಅನ್ನೋದಕ್ಕೆ ಒಂದು ಚಂದದ ಉದಾಹರಣೆ ಇದೆ. 1963ರ ಪಾಂಟಿಯಾಕ್ ಟೆಂಪೆಸ್ಟ್ ಅನ್ನೋ ಸಣ್ಣ ಕಾರಿಗೆ 326 ಅಂತ ಹೆಸರಿನ ವಿ8 ಇತ್ತು, ಆದ್ರೆ ನಿಜವಾಗಿ ಅಳೆದ್ರೆ ಅದು 336 ಇಂಚು! ಹೆಸರಲ್ಲಿ ಹತ್ತು ಇಂಚು ಕಮ್ಮಿ ಹೇಳಿದ್ರು. 1964ರ ಮಾಡೆಲ್ಲಿಗೆ 330ರ ರೂಲ್ ಇದೆ ಅಂತ ಸಿಲಿಂಡರ್ ಬೋರ್ ಸಣ್ಣದು ಮಾಡಿ ನಿಜವಾದ 326ಕ್ಕೆ ಇಳಿಸಬೇಕಾಯ್ತು. ಆರು ಇಂಚಿಗೆ ಹೊಸ ಬೋರು ಮಾಡಿಸೋ ಕಂಪನಿಯಲ್ಲಿ ದೊಡ್ಡ ಪಾಂಟಿಯಾಕ್‌ಗಳ 389 ಇಂಚಿನ ಇಂಜಿನ್ ಹಾಕ್ತೀವಿ ಅಂತ ಹೋಗಿ ಕೇಳಿದ್ರೆ ಏನಾಗುತ್ತೆ ಅಂತ ನೀವೇ ಊಹಿಸ್ಕೊಳ್ಳಿ.

ಇನ್ನು ಮಿಲ್ಫರ್ಡ್ ಕಥೆ. ಮಿಲ್ಫರ್ಡ್‌ನಲ್ಲಿ ಜಿಎಂನ ಪ್ರೂವಿಂಗ್ ಗ್ರೌಂಡ್ ಇದೆ, ಕಾರು ಟೆಸ್ಟ್ ಮಾಡೋ ಜಾಗ. ಡೆಲೋರಿಯನ್ ಶನಿವಾರ ಶನಿವಾರ ತನ್ನ ಇಂಜಿನಿಯರ್‌ಗಳನ್ನ ಅಲ್ಲಿ ಸೇರಿಸ್ತಿದ್ದ, ಕಾರುಗಳನ್ನ ನೋಡೋದು, ಓಡ್ಸೋದು, ಜಗಳ ಆಡೋದು. 1963ರ ಶುರುವಲ್ಲಿ ಅಂಥ ಒಂದು ಶನಿವಾರ 1964ರ ಟೆಂಪೆಸ್ಟ್ ಪ್ರೋಟೋಟೈಪ್ ಲಿಫ್ಟ್ ಮೇಲಿತ್ತು, ಕೆಳಗೆ ಡೆಲೋರಿಯನ್, ಬಿಲ್ ಕಾಲಿನ್ಸ್, ರಸ್ ಜೀ ನಿಂತಿದ್ರು. ಕಾಲಿನ್ಸ್ ಚಾಸಿ (ಕಾರಿನ ಕೆಳಗಿನ ಚೌಕಟ್ಟು) ಕಡೆಯವನು, ಜೀ ಇಂಜಿನ್ ಕಡೆಯವನು. ಕಾಲಿನ್ಸ್ ಹೇಳಿದ್ದು ಇಷ್ಟೇ, ಇದ್ರಲ್ಲಿರೋ 326ರ ಜಾಗಕ್ಕೆ 389 ಹಾಗೇ ಕೂರುತ್ತಲ್ಲಾ, ಇಂಜಿನ್ ಮೌಂಟ್ ಕೂಡ ಅದೇ. ಪಾಂಟಿಯಾಕ್ ವಿ8ಗಳ ವಿಶೇಷ ಅದು, 326 ಆಗ್ಲಿ 389 ಆಗ್ಲಿ 421 ಆಗ್ಲಿ ಹೊರಗಿನ ಅಳತೆ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಎಲ್ಲಾ ಒಳಗೆ. ಶೆವ್ರೊಲೆಯಲ್ಲಿ ಸಣ್ಣ ಬ್ಲಾಕು ದೊಡ್ಡ ಬ್ಲಾಕು ಅಂತ ಬೇರೆ ಬೇರೆ, ಅಲ್ಲಿ ಇದು ಇಷ್ಟು ಸಲೀಸಲ್ಲ. ಮತ್ತೆ 1964ರ ಟೆಂಪೆಸ್ಟ್‌ಗೆ ಹೊಸದಾಗಿ ಪ್ರತ್ಯೇಕ ಫ್ರೇಮು, ಮಾಮೂಲಿ ಗಟ್ಟಿ ಹಿಂದಿನ ಆಕ್ಸಲ್ಲು ಬಂದಿತ್ತು. ಅದಕ್ಕಿಂತ ಮುಂಚಿನ ಟೆಂಪೆಸ್ಟ್ ಒಂದು ವಿಚಿತ್ರ ಗಾಡಿ, ಗೇರ್‌ಬಾಕ್ಸ್ ಹಿಂದೆ, ಮಧ್ಯೆ ಬಾಗಿದ ಸಣ್ಣ ಡ್ರೈವ್ ಶಾಫ್ಟು, ಮುಂದೆ 389 ವಿ8ನ ಅರ್ಧ ಕತ್ತರಿಸಿದಂಥ ನಾಕು ಸಿಲಿಂಡರ್ ಇಂಜಿನ್ನು. ನಂಗೇನೋ ಆ ಕಾರು ಇಷ್ಟ, ಆದ್ರೆ ಅದಕ್ಕೆ 389 ಹಾಕಿ ದಿನಾ ಓಡ್ಸು ಅಂದ್ರೆ ಕಷ್ಟ.

ಒಂದೆರಡು ವಾರದಲ್ಲೇ ಒಂದು ಗಾಡಿಗೆ 389 ಕೂರ್ಸಿ ಓಡ್ಸಿದ್ರು. ನೆನಪಿರಲಿ, 389 ಕ್ಯೂಬಿಕ್ ಇಂಚು ಅಂದ್ರೆ ಸುಮಾರು 6400 ಸಿಸಿ, ಅದೇ ಟೈಮಲ್ಲಿ ನಮ್ಮೂರ ರಸ್ತೆಲಿ ಓಡ್ತಿದ್ದ ಅಂಬಾಸಿಡರ್ ಇಂಜಿನ್ 1489 ಸಿಸಿ. ಓಡಿಸಿದೋರಿಗೆಲ್ಲಾ ಮುಖದ ತುಂಬಾ ನಗು. ಡೆಲೋರಿಯನ್ ಫೆರಾರಿ 250 ಜಿಟಿಒ ಹೆಸರನ್ನ ನಾಚಿಕೆ ಇಲ್ದೆ ಎತ್ಕೊಂಡ. ಯುರೋಪಿನ ಕಾರು ಪ್ರೇಮಿಗಳು ಆಮೇಲೆ ಉರ್ಕೊಂಡ್ರು, ಅದರಿಂದ ಪ್ರಚಾರ ಇನ್ನೂ ಜಾಸ್ತಿ ಆಯ್ತು.

ಇಲ್ಲಿಗೆ ಇಂಜಿನಿಯರ್‌ಗಳ ಕೆಲಸ ಮುಗೀತು. ಈಗ ಗಾಡಿ ಎಸ್ಟೆಸ್ ಮುಂದೆ ಬಂತು.

ಅಲ್ಲೇ ಅಡಗಿರೋದು ಟ್ರಿಕ್ಕು. ಹೊಸ ಮಾಡೆಲ್ ಅಂತ ಮಾಡಿದ್ರೆ ಕಾರ್ಪೊರೇಟ್ ಕಮಿಟಿ ಮುಂದೆ ಹೋಗ್ಬೇಕು, ಹೋದ್ರೆ 330ರ ರೂಲ್ ತೋರ್ಸಿ ಬಾಗಿಲು ಮುಚ್ತಾರೆ. ಆದ್ರೆ ಇರೋ ಮಾಡೆಲ್ಲಿಗೆ ಒಂದು ಆಪ್ಷನ್ ಪ್ಯಾಕೇಜ್ ಸೇರ್ಸೋದಕ್ಕೆ ಕಮಿಟಿ ಒಪ್ಪಿಗೆ ಬೇಡ, ಡಿವಿಷನ್ ಮುಖ್ಯಸ್ಥನೇ ಮಾಡ್ಬಹುದು. ರೇಡಿಯೋ ಬೇಕಾ, ಪವರ್ ಸ್ಟೀರಿಂಗ್ ಬೇಕಾ, ಅಂತ ಇರೋ ಪಟ್ಟೀಲೇ ಇನ್ನೊಂದು ಸಾಲು. ಟೆಂಪೆಸ್ಟ್ ಲೆಮಾನ್ಸ್ ಕಾರು ತಗೊಳಿ, ಮೇಲೆ 296 ಡಾಲರ್ ಹತ್ತತ್ರ ಕೊಡಿ, ಜಿಟಿಒ ಆಪ್ಷನ್ ಬರುತ್ತೆ: 389 ಇಂಜಿನ್, 325 ಹಾರ್ಸ್‌ಪವರ್, ದೊಡ್ಡ 421 ಇಂಜಿನ್ನಿನ ಥರದ ಸಿಲಿಂಡರ್ ಹೆಡ್ಡು, ಎರಡು ಸೈಲೆನ್ಸರ್, ಗಟ್ಟಿ ಸಸ್ಪೆನ್ಷನ್, ಕೆಂಪು ಗೆರೆ ಇರೋ ಟೈರು, ನೆಲದಿಂದ ಎದ್ದಿರೋ ಹರ್ಸ್ಟ್ ಗೇರ್ ಲಿವರ್. ಇನ್ನೂ ದುಡ್ಡಿದ್ರೆ ಟ್ರೈ-ಪವರ್ ಅಂತ ಮೂರು ಕಾರ್ಬುರೇಟರ್, 348 ಹಾರ್ಸ್‌ಪವರ್. ಬಾನೆಟ್ ಮೇಲೆ ಗಾಳಿ ಎಳೆಯೋ ಥರ ಎರಡು ತೂತು ಕಾಣುತ್ತೆ, ಅದು ಬರೀ ಶೋಕಿ, ಒಳಗೆ ಗಾಳಿ ಹೋಗಲ್ಲ.

ಅವ್ರು ಚಾಪೆ ಕೆಳಗೆ ತೂರಿದ್ರೆ ಇವ್ರು ರಂಗೋಲಿ ಕೆಳಗೆ ತೂರಿದ್ರು ಅನ್ನೋ ಮಾತಿದೆಯಲ್ಲ, ಅಕ್ಷರಶಃ ಅದೇ. ಆದ್ರೆ ರಂಗೋಲಿ ಕೆಳಗೆ ತೂರೋದು ಸಿಕ್ಕಿಬಿದ್ರೆ ಯಾರ ತಲೆ ಹೋಗುತ್ತೆ ಅನ್ನೋದು ಮುಖ್ಯ. ಕಾಲಿನ್ಸ್‌ದಲ್ಲ, ಜೀದಲ್ಲ. ಡೆಲೋರಿಯನ್‌ಗೂ ನಾನು ಬಾಸ್ ಹೇಳಿದ್ದು ಮಾಡ್ದೆ ಅನ್ನೋಕೆ ಅವಕಾಶ ಇತ್ತು. ಎಸ್ಟೆಸ್‌ಗೆ ಆ ಅವಕಾಶ ಇರ್ಲಿಲ್ಲ. ಆಗ 47 ವಯಸ್ಸು, ಜಿಎಂ ಬಿಟ್ಟು ಬೇರೆ ಕಡೆ ಕೆಲಸಾನೇ ಮಾಡಿದೋನಲ್ಲ ಅನ್ನಬಹುದು, ವಿದ್ಯಾರ್ಥಿ ಆಗಿದ್ದಾಗಿಂದ ಅದೇ ಕಂಪನಿ. ಮುಂದೆ ಶೆವ್ರೊಲೆ, ಅದರ ಮುಂದೆ 14ನೇ ಮಹಡಿ, ದಾರಿ ಎಲ್ಲಾ ಕಾಣ್ತಾ ಇದೆ. ಡೆಲೋರಿಯನ್ ಥರ ಕಂಪನಿ ಜೊತೆ ಜಗಳ ಆಡೋ ಸ್ವಭಾವನೂ ಅಲ್ಲ, ಎಲ್ರ ಜೊತೆ ನಗ್ತಾ ನಗ್ತಾ ಹೋಗೋ ಮನುಷ್ಯ. ಅಂಥವನು ಮೇಲಿನವರು ಈಗಷ್ಟೇ ಸ್ಪೀಡು ಬೇಡ ಅಂತ ಆರ್ಡರ್ ಕೊಟ್ಟಿರುವಾಗ, ಅದೇ ವರ್ಷ, ಸಹಿ ಹಾಕ್ದ.

ಒಳಗಡೆ ಇನ್ನೊಂದು ಅಡ್ಡಿ. ಪಾಂಟಿಯಾಕ್‌ನ ಸೇಲ್ಸ್ ಮುಖ್ಯಸ್ಥ ಫ್ರಾಂಕ್ ಬ್ರಿಡ್ಜ್‌ಗೆ ಈ ಕಾರು ಹೋಗುತ್ತೆ ಅನ್ನೋ ನಂಬಿಕೆನೇ ಇರ್ಲಿಲ್ಲ. ಕೊನೆಗೆ 5000 ಕಾರಿಗೆ ಒಪ್ಕೊಂಡ, ಅದಕ್ಕಿಂತ ಜಾಸ್ತಿ ಬೇಡ. ಆ 5000 ಅನ್ನೋ ಸಂಖ್ಯೆ ಎಸ್ಟೆಸ್‌ಗೆ ಒಂಥರಾ ಅನುಕೂಲನೇ ಆಯ್ತು ಅಂತ ನನಗನ್ಸುತ್ತೆ. ಮೇಲಿನವರು ಕೇಳಿದ್ರೆ ಸಣ್ಣ ಪ್ರಯೋಗ ಸರ್, 5000 ಅಷ್ಟೇ, ಅನ್ಬಹುದು. ಅವರಿಗೆ ವಿಷಯ ಪೂರ್ತಿ ಅರ್ಥ ಆಗೋ ಹೊತ್ತಿಗೆ ಡೀಲರ್‌ಗಳಿಂದ ಆರ್ಡರ್ ಸುರಿದಿತ್ತು. 1964ರಲ್ಲಿ ಮಾರಿದ್ದು 32,450. ಇಷ್ಟು ದುಡ್ಡು ತರೋ ಕಾರನ್ನ ನಿಲ್ಸು ಅನ್ನೋಕೆ ಲೆಕ್ಕಪತ್ರದ ಡಾನರ್‌ಗೂ ಬಾಯಿ ಬರ್ಲಿಲ್ಲ. 1965ರಲ್ಲಿ 75,342. 1966ಕ್ಕೆ ಜಿಟಿಒ ಪ್ರತ್ಯೇಕ ಮಾಡೆಲ್ಲೇ ಆಯ್ತು, 96,946 ಮಾರಾಟ ಆಯ್ತು.

ಮಾರಾಟದ ಕಥೇಲಿ ಜಿಮ್ ವ್ಯಾಂಗರ್ಸ್ ಹೆಸರು ಬಿಡಂಗಿಲ್ಲ. ಪಾಂಟಿಯಾಕ್‌ನ ಜಾಹೀರಾತು ಏಜೆನ್ಸಿಯವನು, ಸ್ವತಃ ಡ್ರ್ಯಾಗ್ ರೇಸರ್ರು, 1960ರಲ್ಲಿ ಕ್ಯಾಟಲೀನಾ ಕಾರಲ್ಲಿ ನ್ಯಾಷನಲ್ ಟೈಟಲ್ ಗೆದ್ದಿದ್ದ. ಡೆಟ್ರಾಯ್ಟ್‌ನಿಂದ ಪಾಂಟಿಯಾಕ್ ಊರಿಗೆ ಹೋಗೋ ವುಡ್‌ವರ್ಡ್ ಅವೆನ್ಯೂ ಅನ್ನೋ ಅಗಲ ರಸ್ತೆಯಲ್ಲಿ ರಾತ್ರಿ ಹುಡುಗರು ಸಿಗ್ನಲ್ಲಿಂದ ಸಿಗ್ನಲ್ಲಿಗೆ ರೇಸ್ ಬಿಡ್ತಿದ್ರು, ಅವರಿಗೆ ಏನು ಬೇಕು ಅಂತ ಏಜೆನ್ಸಿಯಲ್ಲಿ ಗೊತ್ತಿದ್ದಿದ್ದು ಇವನಿಗೇ. 1964ರ ಮಾರ್ಚ್‌ನಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆ ಮುಖಪುಟದಲ್ಲಿ ಪಾಂಟಿಯಾಕ್ ಜಿಟಿಒ, ಫೆರಾರಿ ಜಿಟಿಒ ಎರಡೂ ರೇಸ್ ಬಿಡೋ ಚಿತ್ರ ಬಂತು. ಚಿತ್ರ ಅಷ್ಟೇ, ಆ ರೇಸ್ ನಡೀಲೇ ಇಲ್ಲ. ಟೆಸ್ಟಿಗೆ ಕೊಟ್ಟ ಪಾಂಟಿಯಾಕ್ ಸೊನ್ನೆಯಿಂದ 60 ಮೈಲಿ ಸ್ಪೀಡಿಗೆ 4.6 ಸೆಕೆಂಡಲ್ಲಿ ಹೋಯ್ತು ಅಂತ ಬರೆದ್ರು. ಎಷ್ಟೋ ವರ್ಷ ಆದ್ಮೇಲೆ ವ್ಯಾಂಗರ್ಸ್ ಒಪ್ಕೊಂಡ, ಆ ಗಾಡೀಲಿ ಇದ್ದಿದ್ದು 389 ಅಲ್ಲ, 421! ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಅಂತ ಆಗ್ಲೇ ಹೇಳಿದ್ನಲ್ಲ, ಅದರ ಇನ್ನೊಂದು ಉಪಯೋಗ ಇದು.

ಗೆದ್ದೆತ್ತಿನ ಬಾಲ ಹಿಡಿಯೋಕೆ ಎಲ್ರೂ ಓಡಿ ಬಂದ್ರು. ಯಾವ ಜಿಎಂ 330ಕ್ಕೆ ಮೇಲೆ ಬೇಡ ಅಂದಿತ್ತೋ ಅದೇ ಜಿಎಂ ಮಿತಿಯನ್ನ 400ಕ್ಕೆ ಏರಿಸ್ತು. 1965ರಲ್ಲಿ ಓಲ್ಡ್ಸ್‌ಮೊಬೀಲ್ 442ಗೆ 400 ಇಂಚಿನ ಇಂಜಿನ್ ಬಂತು, ಬ್ಯೂಕ್ ಗ್ರ್ಯಾನ್ ಸ್ಪೋರ್ಟ್ ಬಂತು, ಅದರ ಇಂಜಿನ್ ನಿಜಕ್ಕೂ 401, ಕಾಗದದ ಮೇಲೆ 400. ಶೆವ್ರೊಲೆಯ ಶೆವೆಲ್ ಕಾರಿಗೆ 396 ಬಂತು. 1970ರ ಮಾಡೆಲ್ಲುಗಳಿಗೆ ಮಿತೀನೇ ತೆಗೆದುಬಿಟ್ರು, ಶೆವೆಲ್ ಎಸ್‌ಎಸ್ 454 ಇಂಚಿಗೆ, 450 ಹಾರ್ಸ್‌ಪವರಿಗೆ ಹೋಯ್ತು. ಬೇರೆ ಕಂಪನಿಗಳ ಪಟ್ಟಿ ನಿಮಗೆ ಗೊತ್ತೇ ಇದೆ, ಅದನ್ನ ಓದ್ತಾ ಕೂರಲ್ಲ.

1965ರಲ್ಲಿ ಎಸ್ಟೆಸ್ ಶೆವ್ರೊಲೆಗೆ ಹೋದ, ಪಾಂಟಿಯಾಕ್ ಡೆಲೋರಿಯನ್ ಕೈಗೆ ಬಂತು, ಆಗ ಅವನಿಗೆ 40 ವರ್ಷ. ಶೆವ್ರೊಲೆಯಲ್ಲಿ ಎಸ್ಟೆಸ್ ಮುಂದೆ ದೊಡ್ಡ ತಲೆನೋವು ಫೋರ್ಡ್ ಮಸ್ಟಾಂಗು. 1964ರ ಏಪ್ರಿಲ್‌ನಲ್ಲಿ ಬಂದು ಲಕ್ಷಗಟ್ಟಲೆ ಮಾರ್ತಿತ್ತು. ಉತ್ತರವಾಗಿ ಬಂದಿದ್ದು ಕಮಾರೋ, 1966ರ ಜೂನ್‌ನಲ್ಲಿ ಎಸ್ಟೆಸ್ಸೇ ಒಂದೇ ಸಲಕ್ಕೆ 14 ಊರುಗಳ ಪತ್ರಕರ್ತರನ್ನ ಫೋನ್ ಲೈನಲ್ಲಿ ಸೇರ್ಸಿ ಹೆಸರು ಅನೌನ್ಸ್ ಮಾಡ್ದ.

ಇಲ್ಲೇ ಅವನ ಎರಡನೇ ಸಹಿ ಬರೋದು, ನನ್ನ ಪ್ರಕಾರ ಮೊದಲನೇದಕ್ಕಿಂತ ಮಜವಾದದ್ದು. ಅಮೆರಿಕದಲ್ಲಿ ಟ್ರಾನ್ಸ್-ಆಮ್ ಅಂತ ಹೊಸ ರೇಸ್ ಸರಣಿ ಶುರುವಾಗಿತ್ತು, ಇಂಜಿನ್ ಮಿತಿ 305 ಕ್ಯೂಬಿಕ್ ಇಂಚು, ಅಂದ್ರೆ 5 ಲೀಟರ್. ಕಾರು ಶೋರೂಮಲ್ಲಿ ಮಾರಾಟಕ್ಕೆ ಇರ್ಲೇಬೇಕು. ಶೆವ್ರೊಲೆ ಹತ್ರ 283 ಇತ್ತು, 327 ಇತ್ತು, ಒಂದು ಸಣ್ಣದಾಯ್ತು ಇನ್ನೊಂದು ದೊಡ್ಡದಾಯ್ತು. ವಿನ್ಸ್ ಪಿಗಿನ್ಸ್ ಅನ್ನೋ ಇಂಜಿನಿಯರ್, ರೇಸಿಂಗ್ ಬ್ಯಾನ್ ಇದ್ರೂ ರೇಸರ್‌ಗಳ ಜೊತೆ ಸಂಪರ್ಕ ಇಟ್ಕೊಂಡಿದ್ದ ಮನುಷ್ಯ, ಒಂದು ಪ್ರಸ್ತಾಪ ಇಟ್ಟ. ಎಸ್ಟೆಸ್ ಪ್ರೋಟೋಟೈಪ್ ಓಡಿಸಿ ನೋಡ್ದ. 327ರ ಬ್ಲಾಕಿಗೆ 283ರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಹಾಕಿದ್ರೆ 302 ಆಗುತ್ತೆ, ಮಿತಿಗೆ ಮೂರೇ ಇಂಚು ಕೆಳಗೆ, ಎರಡೂ ಪಾರ್ಟ್ಸ್ ಶೆವ್ರೊಲೆ ಉಗ್ರಾಣದಲ್ಲೇ ಇರೋದು. ಈ ಲೆಕ್ಕ ಅರ್ಥ ಆಗೋಕೆ ಇಂಜಿನಿಯರ್ರೇ ಬಾಸ್ ಆಗಿರ್ಬೇಕು, 10 ನಿಮಿಷದಲ್ಲಿ ಮೀಟಿಂಗ್ ಮುಗಿಯುತ್ತೆ. ಕಾಮರ್ಸ್ ಕಡೆಯವನು ಕೂತಿದ್ದಿದ್ರೆ ಪಿಗಿನ್ಸ್ ಇನ್ನೂ ಸ್ಲೈಡ್ ತೋರಿಸ್ತಾ ಇರ್ತಿದ್ದ.

ಇದೂ ಆಪ್ಷನ್ನಾಗೇ ಬಂತು. ಆಪ್ಷನ್ ಪಟ್ಟಿಯ ಕೋಡು ಜಡ್28, ಆ ಕೋಡೇ ಕಾರಿನ ಹೆಸರಾಗಿ ಉಳ್ಕೊಂಡ್ತು. 1967ರಲ್ಲಿ ಮಾರಿದ್ದು 602 ಅಷ್ಟೇ. ಎಸ್ಟೆಸ್‌ಗೆ ಓಪನ್ ಟಾಪ್ ಕಾರಿನ ಹುಚ್ಚು, ಕಂಪನಿ ಗ್ಯಾರೇಜಿಂದ ಕನ್ವರ್ಟಿಬಲ್ಲನ್ನೇ ತಗೊಳ್ತಿದ್ದ. ಇದು ಗೊತ್ತಿದ್ದ ಪಿಗಿನ್ಸ್ ಏನು ಮಾಡ್ದ ಅಂದ್ರೆ, ಕೂಪೆಗೆ ಮಾತ್ರ ಇದ್ದ ಜಡ್28 ಪ್ಯಾಕೇಜನ್ನ 1968ರಲ್ಲಿ ಒಂದು ಕನ್ವರ್ಟಿಬಲ್ಲಿಗೆ ಹಾಕ್ಸಿ ಬಾಸ್‌ಗೆ ಓಡ್ಸೋಕೆ ಕೊಟ್ಟ. ಆ ಥರದ್ದು ಅದೊಂದೇ. ಅದನ್ನ ಓಡಿಸಿದ ಖುಷೀಲಿ ಎಸ್ಟೆಸ್ ಇನ್ನೂ ಕೆಲವು ರೇಸಿಂಗ್ ಪಾರ್ಟ್ಸ್‌ಗೆ ಹೂಂ ಅಂದ. ಕೆಳಗಿನವರು ಬಾಸ್‌ನ ಎಷ್ಟು ಚೆನ್ನಾಗಿ ಓದ್ಕೊಂಡಿದ್ರು ನೋಡಿ.

ಆಮೇಲಿಂದು ಬೇಗ ಬೇಗ ಹೇಳಿ ಮುಗಿಸ್ತೀನಿ. ಇನ್ಶೂರೆನ್ಸ್ ಕಂಪನಿಗಳು ಈ ಕಾರುಗಳಿಗೆ ಪ್ರೀಮಿಯಂ ವಿಪರೀತ ಏರಿಸಿದ್ವು. 1970ರಲ್ಲಿ ವಾಯುಮಾಲಿನ್ಯದ ಹೊಸ ಕಾನೂನು ಬಂತು, 1971ಕ್ಕೆ ಜಿಎಂ ಸೀಸ ಇಲ್ಲದ ಪೆಟ್ರೋಲಿಗೆ ಹೊಂದ್ಲಿ ಅಂತ ಎಲ್ಲಾ ಇಂಜಿನ್‌ಗಳ ಕಂಪ್ರೆಷನ್ ಇಳಿಸ್ತು, 1973ರ ಕೊನೆಗೆ ಅರಬ್ ದೇಶಗಳು ಎಣ್ಣೆ ನಿಲ್ಸಿದ್ವು. 1974ರ ಜಿಟಿಒ ಸಣ್ಣ ವೆಂಚುರಾ ಕಾರಿನ ಒಂದು ಆಪ್ಷನ್ನಾಗಿ ಬಂದು 7058 ಮಾರಿ ನಿಂತೋಯ್ತು. ಅದೇ 1974ರ ಅಕ್ಟೋಬರಲ್ಲಿ ಪೀಟ್ ಎಸ್ಟೆಸ್ ಜನರಲ್ ಮೋಟರ್ಸ್‌ನ ಅಧ್ಯಕ್ಷ ಆದ. ಅವನ ಕಾಲದಲ್ಲಿ ಬಂದ ದೊಡ್ಡ ಬದಲಾವಣೆ ಏನು ಅಂದ್ರೆ ಕಾರುಗಳನ್ನ ಸಣ್ಣದು ಮಾಡಿದ್ದು, 1977ರ ದೊಡ್ಡ ಶೆವ್ರೊಲೆ ಹಿಂದಿನ ವರ್ಷದ್ದಕ್ಕಿಂತ 250ರಿಂದ 300 ಕೆಜಿ ಹಗುರ, ಇಂಜಿನ್ನೂ ಸಣ್ಣದು, ಮೈಲೇಜ್ ಜಾಸ್ತಿ. ಅದೂ ಚೆನ್ನಾಗೇ ಮಾರ್ತು. 1981ರ ಶುರುವಲ್ಲಿ ರಿಟೈರ್ ಆದ, 1988ರಲ್ಲಿ ತೀರ್ಕೊಂಡ. ಪಾಂಟಿಯಾಕ್ ಬ್ರ್ಯಾಂಡನ್ನ 2009ರಲ್ಲಿ ಜಿಎಂ ದಿವಾಳಿ ಅಂಚಿಗೆ ಬಂದಾಗ ಮುಚ್ಚೋ ತೀರ್ಮಾನ ಆಯ್ತು.

ನಾನು ಹೇಳ್ಬೇಕು ಅಂತಿದ್ದಿದ್ದು ಇಷ್ಟು. ಇನ್ನು ಪ್ರಶ್ನೆಗಳು.

ಒಬ್ರು ಕೇಳಿದ್ರು: ಹಾಗಾದ್ರೆ ಡೆಲೋರಿಯನ್‌ದು ಏನೂ ಇಲ್ವಾ ಸರ್?

ಅಯ್ಯೋ, ಹಂಗಲ್ಲ. ಅವನಿಲ್ದೆ ಆ ಹೆಸರಿಲ್ಲ, ಆ ಕಾರಿನ ಗತ್ತಿಲ್ಲ, ಶನಿವಾರದ ಆ ಕೂಟಾನೇ ಇಲ್ಲ. ಕಾಲಿನ್ಸ್ ಮುಂದೆ ಡೆಲೋರಿಯನ್ ಸ್ವಂತ ಕಂಪನಿಗೂ ಹೋಗಿ ಆ ಸ್ಟೀಲ್ ಕಾರಿನ ಕೆಲಸ ಮಾಡ್ದ ಅಂದ್ರೆ ಅವ್ರ ನಡುವೆ ಎಂಥ ನಂಟಿತ್ತು ನೋಡಿ. ಆದ್ರೆ ಅದೇ ಹೋಲಿಕೆ ಇನ್ನೊಂದು ರೀತೀಲೂ ಮಾಡ್ಬಹುದು. ಡೆಲೋರಿಯನ್ ಸ್ವಂತ ಕಂಪನಿ ಮಾಡಿದಾಗ ಅವನ ಮೇಲೆ ಎಸ್ಟೆಸ್ ಥರದ ಬಾಸ್ ಇರ್ಲಿಲ್ಲ. ಏನಾಯ್ತು ಅಂತ ನಿಮಗೆ ಗೊತ್ತಲ್ಲ.

ಇನ್ನೊಬ್ರು: ರೂಲ್ ಮುರಿದ್ರೆ ಅದನ್ನ ಧೈರ್ಯ ಅಂತ ಹೊಗಳ್ಬೇಕಾ?

ಒಳ್ಳೇ ಪ್ರಶ್ನೆ. ಮೊದ್ಲು, ಮುರೀಲಿಲ್ಲ, ರೂಲಲ್ಲಿದ್ದ ಅಕ್ಷರಾನ ಪಾಲಿಸಿದ್ರು, ಆಶಯಾನ ಪಕ್ಕಕ್ಕಿಟ್ರು. ಅದು ಆಮೇಲೆ ಡೆಟ್ರಾಯ್ಟ್‌ನಲ್ಲಿ ಒಂದು ಅಭ್ಯಾಸನೇ ಆಯ್ತು, 1969ರ ಕಮಾರೋಗೆ 400ರ ಮಿತಿ ಇರುವಾಗ್ಲೇ 427 ಇಂಜಿನ್ ಹಾಕ್ಸಿದ್ರು, ಹೇಗೆ ಅಂದ್ರೆ ಟ್ಯಾಕ್ಸಿ, ಪೊಲೀಸ್ ಗಾಡಿಗಳಂಥ ಸಗಟು ಆರ್ಡರ್‌ಗೆ ಅಂತ ಇದ್ದ ಫಾರಂ ತುಂಬ್ಸಿ! ನಂಗೆ ಇದೆಲ್ಲಾ ಓದುವಾಗ ನಗು ಬರುತ್ತೆ, ಸುಳ್ಳು ಹೇಳಲ್ಲ.

ಆದ್ರೆ ಒಂದು ವಿಷಯದಲ್ಲಿ ನಾನು ಎಸ್ಟೆಸ್ ಪರ ನಿಲ್ಲಲ್ಲ. 296 ಡಾಲರ್ ಆಪ್ಷನ್ನಲ್ಲಿ ಏನೇನು ಬಂತು ಅಂತ ಓದಿದ್ನಲ್ಲ, ಇಂಜಿನ್ ಬಂತು, ಸೈಲೆನ್ಸರ್ ಬಂತು, ಗಾಳಿ ಎಳೆಯದ ತೂತು ಕೂಡ ಬಂತು. ಬ್ರೇಕ್ ಬರ್ಲಿಲ್ಲ. 1964ರ ಜಿಟಿಒಗೆ ಇದ್ದಿದ್ದು ಮಾಮೂಲಿ ಟೆಂಪೆಸ್ಟ್‌ನ ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕ್ ನಾಕೂ ಚಕ್ರಕ್ಕೆ, ಒಂದೂವರೆ ಟನ್ನಿಗಿಂತ ಜಾಸ್ತಿ ತೂಕದ ಗಾಡಿ, 348 ಹಾರ್ಸ್‌ಪವರ್, ಓಡ್ಸೋನಿಗೆ 18-20 ವರ್ಷ. ಎರಡು ಸಲ ಜೋರಾಗಿ ಒತ್ತಿದ್ರೆ ಬಿಸಿಯಾಗಿ ಹಿಡಿತ ಬಿಡ್ತಿತ್ತು, ಆಗಿನ ಪತ್ರಿಕೆಗಳೂ ಬೈದಿದ್ವು. ಸಹಿ ಹಾಕಿದೋನು ಇಂಜಿನಿಯರ್ರು, ಅವನಿಗೆ ಈ ಲೆಕ್ಕ ಗೊತ್ತಿಲ್ಲ ಅನ್ನೋಕಾಗಲ್ಲ. ಜಿಟಿಒಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದಿದ್ದು 1967ರ ಮಾಡೆಲ್ಲಿಗೆ, ಅದೂ ಆಪ್ಷನ್ನು, ದುಡ್ಡು ಬೇರೆ.